ಔಷಧವೋ, ಶಸ್ತ್ರಚಿಕಿತ್ಸೆಯೋ? ದೊಡ್ಡ ಕರುಳಿನ ಹುಣ್ಣುರೋಗವನ್ನು ಕುರಿತು ಒಂದು ವಿಚಾರ

ರೋಗ ಬಂದಾಗ ವೈದ್ಯರ ಬಳಿಗೆ ಹೋಗುವುದು, ಅವರು ಕೊಟ್ಟ ಮದ್ದನ್ನು ಸೇವಿಸುವುದು, ಗುಣವಾದೊಡನೆ ಅದನ್ನು ಮರೆತುಬಿಡುವುದು. ನಮ್ಮಲ್ಲಿ ಬಹುಮಂದಿಗೆ ಚಿಕಿತ್ಸೆಯೆಂದರೆ ಇಷ್ಟೇ. ಆದರೆ ಎಲ್ಲ ರೋಗಗಳೂ ಇಷ್ಟು ಸುಲಭವಾಗಿ ಬಿಟ್ಟುಹೋಗತಕ್ಕವಲ್ಲ. ಒಮ್ಮೆ ದೇಹವನ್ನು ಹೊಕ್ಕ ಬಳಿಕ ಜೀವಮಾನವೆಲ್ಲ ಜೊತೆಯಲ್ಲಿಯೇ ಇದ್ದು, ಕೆಲವು ಕಾಲ ಅಡಗಿ, ಮತ್ತೆ ಕೆಲವು ಕಾಲ ತಲೆಯೆತ್ತುವ ರೋಗಗಳೂ ಉಂಟು. ಅಂತಹ ರೋಗಗಳಲ್ಲಿ ಚಿಕಿತ್ಸೆಯ ಮಾರ್ಗ ಒಂದೇ ಆಗಿರುವುದಿಲ್ಲ. ಇರುವ ಮಾರ್ಗಗಳಲ್ಲಿ ಯಾವುದನ್ನು, ಯಾವಾಗ ಹಿಡಿಯಬೇಕೆಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿ ವಿಜ್ಞಾನ ಎಷ್ಟರಮಟ್ಟಿಗೆ ನೆರವಾಗಬಲ್ಲುದು, ಎಲ್ಲಿಂದಾಚೆಗೆ ರೋಗಿಯೇ ತೂಗಿ ನೋಡಬೇಕಾಗುತ್ತದೆ ಎಂಬುದನ್ನು ತಿಳಿಯುವುದಕ್ಕೆ ದೊಡ್ಡ ಕರುಳಿನ ಹುಣ್ಣುರೋಗ ಒಳ್ಳೆಯ ಉದಾಹರಣೆ. ವೈದ್ಯರು ಇದನ್ನು ಅಲ್ಸರೇಟಿವ್ ಕೊಲೈಟಿಸ್ ಎಂದು ಕರೆಯುತ್ತಾರೆ.

ದೊಡ್ಡ ಕರುಳಿನ ಕೆಲಸ

ನಾವು ತಿಂದ ಆಹಾರ ಜಠರದಲ್ಲಿ ಅರೆದು, ಸುಮಾರು ೬ ಮೀಟರ್ ಉದ್ದವಾದ ಸಣ್ಣ ಕರುಳಿನಲ್ಲಿ ಜೀರ್ಣವಾಗುತ್ತದೆ. ಅದರ ಸಾರದ ಬಹುಭಾಗ ಅಲ್ಲಿಯೇ ರಕ್ತವನ್ನು ಸೇರುತ್ತದೆ. ಉಳಿದ ನೀರಾದ ಪದಾರ್ಥ ದೊಡ್ಡ ಕರುಳಿಗೆ ಬರುತ್ತದೆ. ದೊಡ್ಡ ಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ಅದು ಹೊಟ್ಟೆಯ ಬಲಭಾಗದಲ್ಲಿ ಕೆಳಗಿನಿಂದ ಮೇಲಕ್ಕೆ ಏರಿ, ಅಡ್ಡಲಾಗಿ ಎಡಕ್ಕೆ ಸಾಗಿ, ಅಲ್ಲಿಂದ ಕೆಳಕ್ಕಿಳಿದು ಮಲಾಶಯದಲ್ಲಿ ಕೊನೆಗಾಣುತ್ತದೆ. ದಿನವೊಂದಕ್ಕೆ ಒಂದೂವರೆ ಲೀಟರಿನಷ್ಟು ದ್ರವ ಇದರೊಳಕ್ಕೆ ಬರುವುದೆಂದು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಕರುಳಿನ ಒಳಗೋಡೆ ಹೀರಿಕೊಳ್ಳುತ್ತದೆ. ಗಟ್ಟಿಯಾದ ಮಲ ಮಾತ್ರ ಉಳಿದು, ವಿಸರ್ಜನೆಯ ಹೊತ್ತು ಬರುವವರೆಗೆ ಅಲ್ಲಿ ಕೂಡಿರುತ್ತದೆ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸಣ್ಣ ಕರುಳು ಅಡಿಗೆಮನೆಯಾದರೆ ದೊಡ್ಡ ಕರುಳು ಉಗ್ರಾಣ. ಅಡಿಗೆಮನೆಯಿಲ್ಲದೆ ಸಂಸಾರ ನಡೆಯದು. ಉಗ್ರಾಣವಿಲ್ಲದೆ ತೊಂದರೆಯಾದರೂ ಹೇಗೋ ನಡೆದೀತು. ದೊಡ್ಡ ಕರುಳನ್ನು ಪೂರ್ತಿಯಾಗಿ ತೆಗೆದುಹಾಕಿದ ಮೇಲೂ ಮನುಷ್ಯನು ಬದುಕಬಲ್ಲನು, ದುಡಿಯಬಲ್ಲನು. ಮುಂದೆ ಹೇಳಲಿರುವ ಶಸ್ತ್ರಚಿಕಿತ್ಸೆಗೆ ಈ ಸಂಗತಿಯೇ ಆಧಾರ.

ರೋಗದ ಸ್ವರೂಪ

ಈ ರೋಗದಲ್ಲಿ ದೊಡ್ಡ ಕರುಳಿನ ಲೋಳೆಪೊರೆ ಕೆಂಪಾಗಿ ಊದಿಕೊಂಡು, ಅಲ್ಲಲ್ಲಿ ಹುಣ್ಣಾಗಿ, ರಕ್ತವನ್ನು ಸುರಿಸುತ್ತದೆ. ಉರಿಯೂತ ಸಾಮಾನ್ಯವಾಗಿ ಮಲಾಶಯದಲ್ಲಿ ಮೊದಲಾಗಿ ನಡುವೆ ಬಿಡುವಿಲ್ಲದೆ ಮೇಲಕ್ಕೆ ಹಬ್ಬುತ್ತದೆ. ಕೆಲವರಲ್ಲಿ ಅದು ಮಲಾಶಯದಲ್ಲಿಯೇ ನಿಲ್ಲುವುದು. ಕೆಲವರಲ್ಲಿ ಎಡಭಾಗದವರೆಗೆ ಏರುವುದು. ಮತ್ತೆ ಕೆಲವರಲ್ಲಿ ಇಡೀ ದೊಡ್ಡ ಕರುಳನ್ನು ವ್ಯಾಪಿಸುವುದು. ರಕ್ತ ಮತ್ತು ಲೋಳೆ ಬೆರೆತ ಭೇದಿ, ತಡೆಯಲಾಗದ ಅವಸರ, ಹೊಟ್ಟೆನುಲಿತ, ನಿಶ್ಶಕ್ತಿ, ರಕ್ತಹೀನತೆ ಇವು ರೋಗದ ಮುಖ್ಯ ಲಕ್ಷಣಗಳು. ಕೀಲುಗಳು, ಕಣ್ಣು, ಚರ್ಮ, ಪಿತ್ತನಾಳ ಇವುಗಳಿಗೂ ಕೆಲವೊಮ್ಮೆ ಬಾಧೆ ತಟ್ಟುತ್ತದೆ.

ಲಂಡನ್ನಿನ ವೈದ್ಯ ಸಾಮ್ಯುಯೆಲ್ ವಿಲ್ಕ್ಸ್ ೧೮೫೯ರಲ್ಲಿ ಇಂತಹ ಬೇನೆಯೊಂದನ್ನು ವರ್ಣಿಸಿ, ಇದು ಸಾಮಾನ್ಯವಾದ ಆಮಶಂಕೆಯಿಂದ ಬೇರೆಯಾದುದೆಂದು ಸೂಚಿಸಿದನು. ಆಮಶಂಕೆಯನ್ನು ಉಂಟುಮಾಡುವುದು ಹೊರಗಿನಿಂದ ಬಂದ ಕ್ರಿಮಿ; ಅದನ್ನು ಕೊಂದರೆ ರೋಗ ತೀರುತ್ತದೆ. ಹುಣ್ಣುರೋಗದಲ್ಲಿ ಕೊಲ್ಲತಕ್ಕ ಶತ್ರು ಹೊರಗಿನವನಲ್ಲ. ಹುಟ್ಟಿನಿಂದ ಬಂದ ಗುಣಾಣುಗಳ ಒಲವು, ಕರುಳಿನಲ್ಲಿ ಸದಾ ವಾಸಿಸುವ ಬ್ಯಾಕ್ಟೀರಿಯಗಳು, ಪರಿಸರದ ಪ್ರಭಾವ ಇವೆಲ್ಲ ಸೇರಿ ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪುತ್ತದೆ. ಮನೆಯನ್ನು ಕಾಯಬೇಕಾದ ಕಾವಲುಗಾರ ಮನೆಯ ಗೋಡೆಯನ್ನೇ ಒಡೆಯತೊಡಗುತ್ತಾನೆ. ಆದುದರಿಂದಲೇ ಈ ರೋಗ ಬೇರುಸಹಿತ ಹೋಗುವುದು ಕಷ್ಟ.

ನಮ್ಮ ದೇಶದಲ್ಲಿ ಇದು ಅಪರೂಪವೆಂಬ ಭಾವನೆ ಬಹುಕಾಲ ಇತ್ತು. ಪಂಜಾಬಿನ ಲೂಧಿಯಾನ ಪ್ರದೇಶದಲ್ಲಿ ನಡೆದು ೨೦೦೩ರಲ್ಲಿ ಪ್ರಕಟವಾದ ಸಮೀಕ್ಷೆ ಒಂದು ಲಕ್ಷ ಜನರಲ್ಲಿ ಸುಮಾರು ೪೪ ಮಂದಿಗೆ ಈ ರೋಗವಿರುವುದನ್ನು ತೋರಿಸಿತು. ರಕ್ತಭೇದಿಯಾದರೆ ಆಮಶಂಕೆಯೆಂದೋ ಮೂಲವ್ಯಾಧಿಯೆಂದೋ ಭಾವಿಸಿ ತಾವೇ ಮದ್ದು ತೆಗೆದುಕೊಳ್ಳುವವರು ನಮ್ಮಲ್ಲಿ ಹೆಚ್ಚು. ಮಲಪರೀಕ್ಷೆ, ಕೊಲೊನಾಸ್ಕೊಪಿ ಎಂಬ ದೀಪವುಳ್ಳ ನಳಿಕೆಯಿಂದ ಕರುಳನ್ನು ನೋಡುವುದು, ಅಲ್ಲಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಇವುಗಳಿಂದಲೇ ನಿಜಸ್ಥಿತಿ ತಿಳಿಯತಕ್ಕದ್ದು.

ರೋಗ ಬಹುವಾಗಿ ೧೫ರಿಂದ ೩೦ ವರ್ಷಗಳ ನಡುವೆ ಮೊದಲಾಗುತ್ತದೆ. ಕೆಲವರಲ್ಲಿ ೫೦ ದಾಟಿದ ಮೇಲೆ. ಹೀಗಾಗಿ ೪೦ರಿಂದ ೬೦ರ ನಡುವಿನ ರೋಗಿಗಳಲ್ಲಿ ಹಲವರು ಹತ್ತು ಇಪ್ಪತ್ತು ವರ್ಷ ಇದರೊಡನೆ ಹೆಣಗಿದವರು. ಕೆಲವರು ಹೊಸದಾಗಿ ಇದರ ಕೈಗೆ ಸಿಕ್ಕವರು.

ಔಷಧಗಳು ಬೆಳೆದು ಬಂದ ದಾರಿ

೧೯೩೦ರ ದಶಕದ ಕೊನೆಯವರೆಗೆ ಈ ರೋಗಕ್ಕೆ ತಕ್ಕ ಮದ್ದೇ ಇರಲಿಲ್ಲ. ಆ ಕಾಲದಲ್ಲಿ ಸ್ವೀಡನ್ ದೇಶದ ನಾನ್ನ ಸ್ವಾರ್ಟ್ಸ್ ಎಂಬ ಮಹಿಳಾ ವೈದ್ಯರು ಕೀಲುವಾತಕ್ಕೆಂದು ಸಲ್ಫಾ ಔಷಧವೊಂದನ್ನು ಸ್ಯಾಲಿಸಿಲಿಕ್ ಆಮ್ಲದ ಜಾತಿಯ ವಸ್ತುವಿನೊಡನೆ ಜೋಡಿಸಿ ಸಲ್ಫಸಲಜೀನ್ ಎಂಬ ಮದ್ದನ್ನು ರೂಪಿಸಿದರು. ಅದು ಕರುಳಿನ ಹುಣ್ಣನ್ನು ಮಾಯಿಸುವುದನ್ನು ಕಂಡು ೧೯೪೨ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಈ ಜೋಡಿಯಲ್ಲಿ ಕೆಲಸ ಮಾಡುವುದು ಯಾವ ಭಾಗ? ಇದನ್ನು ಬಿಡಿಸಿದವರು ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ನಡೆಸಿದ ಬಾಂಗ್ಲಾದೇಶದ ಆಜಾದ್ ಖಾನ್ ಮತ್ತು ಅವರ ಗುರು ಸಿಡ್ನಿ ಟ್ರೂಲವ್. ಎರಡು ಭಾಗಗಳನ್ನೂ ಬೇರೆಬೇರೆಯಾಗಿ ರೋಗಿಗಳ ಮಲಾಶಯಕ್ಕೆ ಕೊಟ್ಟು ನೋಡಿ, ಸಲ್ಫಾ ಭಾಗ ಬರಿಯ ವಾಹನ, ಇನ್ನೊಂದೇ ನಿಜವಾದ ಮದ್ದು ಎಂದು ೧೯೭೭ರಲ್ಲಿ ಅವರು ತೋರಿಸಿದರು. ಅದೇ ಇಂದಿನ ಮೆಸಲಜೀನ್. ಸೌಮ್ಯವಾದ ರೋಗಕ್ಕೆ ಈಗಲೂ ಇದೇ ಮೊದಲ ಮದ್ದು.

ತೀವ್ರವಾದ ರೋಗಕ್ಕೆ ಇದು ಸಾಲದು. ೧೯೫೫ರಲ್ಲಿ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ೨೧೦ ಮಂದಿ ರೋಗಿಗಳಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಯಾರಿಗೆ ನಿಜವಾದ ಮದ್ದು, ಯಾರಿಗೆ ತೋರಿಕೆಯ ಮದ್ದು ಎಂಬುದನ್ನು ಯಾದೃಚ್ಛಿಕವಾಗಿ ಹಂಚಿ ನಡೆಸಿದ ಆ ಪ್ರಯೋಗ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಸ್ಮರಣೀಯವಾದುದು. ತೀವ್ರರೋಗದಿಂದ ಸಾಯುವವರ ಸಂಖ್ಯೆ ಇದರಿಂದ ಬಹಳ ಮಟ್ಟಿಗೆ ಇಳಿಯಿತು.

ಆದರೆ ಸ್ಟೀರಾಯ್ಡ್ ಬೆಂಕಿಯನ್ನು ನಂದಿಸುವ ನೀರೇ ಹೊರತು ಮನೆಯನ್ನು ಕಾಯುವ ಬೀಗವಲ್ಲ. ತಿಂಗಳುಗಟ್ಟಲೆ ಸೇವಿಸಿದರೆ ಮಧುಮೇಹ, ರಕ್ತದ ಒತ್ತಡ, ಎಲುಬಿನ ಸವಕಲು, ಕಣ್ಣಿನ ಪೊರೆ, ಸೋಂಕುಗಳು ಬೆನ್ನಟ್ಟುತ್ತವೆ. ನಡುವಯಸ್ಸಿನಲ್ಲಿ ಇವುಗಳಲ್ಲಿ ಕೆಲವು ತಾವಾಗಿಯೇ ಬರುವ ಸಂಭವವಿರುವುದರಿಂದ ಅಪಾಯ ಇಮ್ಮಡಿ. ಮದ್ದನ್ನು ಇಳಿಸಿದೊಡನೆ ರೋಗ ಮರುಕಳಿಸುವ ಸ್ಥಿತಿಯನ್ನು ಸ್ಟೀರಾಯ್ಡಿನ ಅವಲಂಬನೆಯೆನ್ನುತ್ತಾರೆ. ಆ ಸ್ಥಿತಿಗೆ ಬಂದವರಿಗೆ ಬೇರೆ ದಾರಿಯನ್ನು ಹುಡುಕಲೇಬೇಕು.

ಅಂತಹ ದಾರಿಗಳು ಒಂದೊಂದಾಗಿ ತೆರೆದವು. ರಕ್ಷಣಾ ವ್ಯವಸ್ಥೆಯನ್ನು ಮೆಲ್ಲನೆ ತಗ್ಗಿಸುವ ಅಜಾಥಯೊಪ್ರಿನ್ ಬಂದಿತು. ಉರಿಯೂತದ ಸಂದೇಶವನ್ನು ಹೊತ್ತೊಯ್ಯುವ ಪ್ರೋಟೀನೊಂದನ್ನು ಹಿಡಿದು ನಿಲ್ಲಿಸುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಜೈವಿಕ ಔಷಧಕ್ಕೆ ಅಮೆರಿಕದಲ್ಲಿ ಈ ರೋಗಕ್ಕಾಗಿ ೨೦೦೫ರಲ್ಲಿ ಒಪ್ಪಿಗೆ ದೊರೆಯಿತು. ಬಳಿಕ ೨೦೧೪ರಲ್ಲಿ ವೆಡೊಲಿಜುಮ್ಯಾಬ್, ೨೦೧೮ರಲ್ಲಿ ಗುಳಿಗೆಯ ರೂಪದ ಟೊಫಾಸಿಟಿನಿಬ್, ೨೦೧೯ರಲ್ಲಿ ಉಸ್ಟೆಕಿನುಮ್ಯಾಬ್, ೨೦೨೨ರಲ್ಲಿ ಉಪಾಡಸಿಟಿನಿಬ್ ಬಂದವು. ಮೂಲ ಔಷಧಗಳ ತದ್ರೂಪಗಳು ನಮ್ಮ ದೇಶದಲ್ಲಿಯೂ ತಯಾರಾಗುತ್ತಿವೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯ ಉಸ್ಟೆಕಿನುಮ್ಯಾಬ್ ತದ್ರೂಪಕ್ಕೆ ೨೦೨೪ರಲ್ಲಿ ಅಮೆರಿಕದ ಒಪ್ಪಿಗೆ ದೊರೆತಿದೆ.

ಇವುಗಳ ಶಕ್ತಿ ಎಷ್ಟು? ಇನ್‌ಫ್ಲಿಕ್ಸಿಮ್ಯಾಬಿನ ಪ್ರಖ್ಯಾತ ಪ್ರಯೋಗವೊಂದರಲ್ಲಿ ಎಂಟನೆಯ ವಾರದ ಹೊತ್ತಿಗೆ ನೂರಕ್ಕೆ ೬೯ ಮಂದಿಯಲ್ಲಿ ಸುಧಾರಣೆ ಕಂಡಿತು. ತೋರಿಕೆಯ ಮದ್ದು ಪಡೆದವರಲ್ಲಿ ೩೭. ವರ್ಷ ತುಂಬಿದಾಗ ರೋಗ ಪೂರ್ತಿ ಅಡಗಿದ್ದವರು ಮದ್ದು ಪಡೆದವರಲ್ಲಿ ನೂರಕ್ಕೆ ಸುಮಾರು ೩೫, ಉಳಿದವರಲ್ಲಿ ೧೬ರಿಂದ ೧೭. ಈ ಅಂಕಿಗಳನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಮದ್ದು ಕೆಲಸ ಮಾಡುತ್ತದೆಂಬುದು ನಿಸ್ಸಂದೇಹ. ಎಲ್ಲರಲ್ಲಿಯೂ ಮಾಡುವುದಿಲ್ಲವೆಂಬುದೂ ಅಷ್ಟೇ ನಿಜ. ಒಂದು ಮದ್ದು ಸೋತರೆ ಇನ್ನೊಂದನ್ನು ಹಿಡಿಯಬಹುದು. ಆದರೆ ಎರಡು ಮೂರು ಸೋತ ಮೇಲೆ ಮುಂದಿನದು ಗೆಲ್ಲುವ ಸಂಭವ ಸಾಮಾನ್ಯವಾಗಿ ಕಡಿಮೆಯಾಗುತ್ತ ಹೋಗುತ್ತದೆ.

ಅಪಾಯಗಳೂ ಇಲ್ಲದಿಲ್ಲ. ಮೈಯಲ್ಲಿ ಅಡಗಿರುವ ಕ್ಷಯವನ್ನು ಕೆಲವು ಜೈವಿಕ ಔಷಧಗಳು ಕೆರಳಿಸಬಲ್ಲವು. ಕ್ಷಯ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಮೊದಲೇ ಅದನ್ನು ಪರೀಕ್ಷಿಸಿ ನೋಡುವುದು ಅತ್ಯವಶ್ಯ. ಟೊಫಾಸಿಟಿನಿಬ್ ಜಾತಿಯ ಗುಳಿಗೆಗಳನ್ನು ಕೀಲುವಾತದ ರೋಗಿಗಳಲ್ಲಿ, ೫೦ ತುಂಬಿದ ಹಾಗೂ ಹೃದ್ರೋಗಕ್ಕೆ ಕಾರಣವಾಗತಕ್ಕ ಒಂದಾದರೂ ಅಂಶವುಳ್ಳವರಲ್ಲಿ, ಪರೀಕ್ಷಿಸಿದಾಗ ಹೃದಯದ ತೊಂದರೆ ಮತ್ತು ಕ್ಯಾನ್ಸರಿನ ಸಂಭವ ಹೆಚ್ಚಿರುವುದು ಕಂಡುಬಂದಿತು. ಆದುದರಿಂದ ಇಪ್ಪತ್ತೈದರ ತರುಣನಿಗೆ ಒಪ್ಪುವ ಮದ್ದು ಐವತ್ತೈದರವನಿಗೆ ಒಪ್ಪಬೇಕೆಂದಿಲ್ಲ.

ಶಸ್ತ್ರಚಿಕಿತ್ಸೆ ಬೆಳೆದು ಬಂದ ದಾರಿ

ರೋಗವಿರುವುದು ದೊಡ್ಡ ಕರುಳಿನಲ್ಲಿ. ಅದನ್ನೇ ತೆಗೆದರೆ ರೋಗದ ನೆಲೆಯೇ ಇಲ್ಲವಾಗುತ್ತದೆ. ತರ್ಕ ಸರಳ. ಆದರೆ ತೆಗೆದ ಮೇಲೆ ಮಲಕ್ಕೆ ದಾರಿ ಯಾವುದು? ಮೊದಲಲ್ಲಿ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರಗೆ ತಂದು ಬಿಡುತ್ತಿದ್ದರು. ಇದಕ್ಕೆ ಇಲಿಯಾಸ್ಟಮಿ ಎಂದು ಹೆಸರು. ಹೊರಗೆ ಚಾಚಿದ ಕರುಳಿನ ಮೈ ಮಲದ ತಾಕಿಗೆ ಉರಿಯೂತಗೊಂಡು, ತುದಿ ಇರುಕಾಗಿ, ರೋಗಿಗಳು ಬಹಳ ಸಂಕಟಪಡುತ್ತಿದ್ದರು. ೧೯೫೨ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ರಯನ್ ಬ್ರೂಕ್ ಒಂದು ಸರಳೋಪಾಯವನ್ನು ಸೂಚಿಸಿದನು. ಅಂಗಿಯ ತೋಳಿನ ತುದಿಯನ್ನು ಹೊರಕ್ಕೆ ಮಡಿಸುವಂತೆ ಕರುಳಿನ ತುದಿಯನ್ನು ಮಗುಚಿ ಚರ್ಮಕ್ಕೆ ಹೊಲಿದರೆ, ಒಳಗಿನ ಲೋಳೆಪೊರೆಯೇ ಹೊರಮೈಯಾಗಿ ತೊಂದರೆ ತಪ್ಪುತ್ತದೆ. ಈ ಸಣ್ಣ ಮಡಿಕೆಯೇ ಇಂದಿಗೂ ಪ್ರಪಂಚದ ಎಲ್ಲೆಡೆಯಲ್ಲಿ ನಡೆದುಬಂದಿರುವ ಕ್ರಮ. ಅದರ ಮೇಲೆ ಅಂಟಿಸಿದ ಚೀಲದಲ್ಲಿ ಮಲ ಸಂಗ್ರಹವಾಗುತ್ತದೆ. ದಿನಕ್ಕೆ ಹಲವು ಬಾರಿ ಅದನ್ನು ಬರಿದು ಮಾಡಬೇಕು.

ಚೀಲವಿಲ್ಲದೆ ಬಾಳುವುದು ಸಾಧ್ಯವೇ ಎಂಬ ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಸ್ವೀಡನ್ನಿನ ನೀಲ್ಸ್ ಕಾಕ್ ೧೯೬೯ರಲ್ಲಿ ಸಣ್ಣ ಕರುಳಿನಿಂದಲೇ ಹೊಟ್ಟೆಯೊಳಗೊಂದು ಸಂಚಿಯನ್ನು ನಿರ್ಮಿಸಿದನು. ೧೯೭೮ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಅಲನ್ ಪಾರ್ಕ್ಸ್ ಮತ್ತು ಜಾನ್ ನಿಕಲ್ಸ್ ಅಂತಹ ಸಂಚಿಯನ್ನು ಗುದದ್ವಾರಕ್ಕೇ ಜೋಡಿಸಿ, ರೋಗಿ ಸಹಜ ಮಾರ್ಗದಿಂದಲೇ ಮಲವಿಸರ್ಜನೆ ಮಾಡುವಂತೆ ಮಾಡಿದರು. ಎರಡು ವರ್ಷಗಳ ಬಳಿಕ ಜಪಾನಿನ ಉತ್ಸುನೊಮಿಯ ಅದನ್ನು ಇಂಗ್ಲಿಷಿನ 'ಜೆ' ಅಕ್ಷರದ ಆಕಾರದಲ್ಲಿ ಸರಳಗೊಳಿಸಿದನು. ಈಗ ಹೆಚ್ಚಾಗಿ ನಡೆಯುವುದು ಇದೇ. ಸಾಮಾನ್ಯವಾಗಿ ಎರಡು ಅಥವಾ ಮೂರು ಹಂತಗಳಲ್ಲಿ, ನಡುವೆ ಕೆಲವು ತಿಂಗಳು ತಾತ್ಕಾಲಿಕ ಇಲಿಯಾಸ್ಟಮಿಯೊಡನೆ, ಇದನ್ನು ಮುಗಿಸುತ್ತಾರೆ.

ಸಂಚಿಯುಳ್ಳವರು ಹಗಲಿನಲ್ಲಿ ಐದಾರು ಬಾರಿ, ರಾತ್ರಿ ಒಮ್ಮೆ ಮಲವಿಸರ್ಜನೆಗೆ ಹೋಗುವುದು ವಾಡಿಕೆ. ಎಣಿಕೆ ಹೆಚ್ಚೆಂದು ತೋರಬಹುದು. ಆದರೆ ರೋಗದ ದಿನಗಳ ತಡೆಯಲಾಗದ ಅವಸರ ಇರುವುದಿಲ್ಲ. ಹೊತ್ತು ನೋಡಿ ಹೋಗಬಹುದು. ಹಾಗೆಂದು ಇದನ್ನು ಪೂರ್ಣ ಗುಣವೆಂದು ಹೇಳುವುದು ಸರಿಯಲ್ಲ. ಸಂಚಿಯಲ್ಲಿಯೇ ಉರಿಯೂತವಾಗುವುದು ಸುಮಾರು ಅರ್ಧದಷ್ಟು ಮಂದಿಯಲ್ಲಿ ಒಮ್ಮೆಯಾದರೂ ಕಂಡುಬರುತ್ತದೆ. ಬಹುಮಂದಿಗೆ ಜೀವಿರೋಧಕ ಔಷಧಗಳಿಂದ ಅದು ಗುಣವಾಗುತ್ತದೆ. ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಸಂಚಿ ಕೊನೆಗೆ ವಿಫಲವಾಗಿ ಶಾಶ್ವತ ಇಲಿಯಾಸ್ಟಮಿಯೇ ಗತಿಯಾಗುತ್ತದೆ. ಪಿತ್ತನಾಳದ ಬಾಧೆ, ಬೆನ್ನುಮೂಳೆಯ ಬಾಧೆ ಇದ್ದವರಿಗೆ ಕರುಳನ್ನು ತೆಗೆದ ಮಾತ್ರಕ್ಕೆ ಅವು ಹೋಗುವುದಿಲ್ಲ. ಇನ್ನೂ ಮಕ್ಕಳನ್ನು ಬಯಸುವ ಸ್ತ್ರೀಯರಲ್ಲಿ ಸಂಚಿಯ ಶಸ್ತ್ರಚಿಕಿತ್ಸೆಯ ಬಳಿಕ ಗರ್ಭಧಾರಣೆ ಕಷ್ಟವಾಗಬಹುದು. ರೋಗ ಹುಣ್ಣುರೋಗವಾಗಿರದೆ ಕ್ರೋನ್ ರೋಗವಾಗಿದ್ದರೆ ಸಂಚಿ ಸಾಮಾನ್ಯವಾಗಿ ಸಲ್ಲದು.

ಆಯ್ಕೆಗೆ ಎಡೆಯಿಲ್ಲದ ಸಂದರ್ಭಗಳು

ಕೆಲವು ಸಂದರ್ಭಗಳಲ್ಲಿ ಔಷಧವೋ ಶಸ್ತ್ರವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕರುಳು ತೂತು ಬಿದ್ದರೆ, ರಕ್ತಸ್ರಾವ ನಿಲ್ಲದಿದ್ದರೆ, ಕರುಳು ಉಬ್ಬಿ ವಿಷಮಸ್ಥಿತಿಗೆ ಬಂದು ಚಿಕಿತ್ಸೆಗೆ ಬಗ್ಗದಿದ್ದರೆ, ಕ್ಯಾನ್ಸರ್ ಕಾಣಿಸಿಕೊಂಡರೆ ಶಸ್ತ್ರಚಿಕಿತ್ಸೆ ಮಾಡಲೇಬೇಕು.

ಇವುಗಳಿಗೆ ಹತ್ತಿರವಾದುದು ತೀವ್ರಾವಸ್ಥೆ. ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ರಕ್ತಭೇದಿಯಾಗಿ, ಅದರೊಡನೆ ಜ್ವರ, ನಾಡಿಯ ವೇಗ ೯೦ಕ್ಕೆ ಮೀರುವುದು, ರಕ್ತಹೀನತೆ ಇವುಗಳಲ್ಲಿ ಯಾವುದಾದರೂ ಇದ್ದರೆ ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕೆಂಬ ನಿಯಮ ಟ್ರೂಲವ್ ಮತ್ತು ವಿಟ್ಸ್ ಅವರ ಕಾಲದಿಂದ ಬಂದದ್ದು. ಅಲ್ಲಿ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟು ಮೂರನೆಯ ದಿನ ಲೆಕ್ಕ ನೋಡುತ್ತಾರೆ. ಆ ದಿನವೂ ಎಂಟಕ್ಕಿಂತ ಹೆಚ್ಚು ಬಾರಿ ಭೇದಿಯಾಗುತ್ತಿದ್ದರೆ, ಅಥವಾ ಮೂರರಿಂದ ಎಂಟು ಬಾರಿಯಾದರೂ ರಕ್ತದಲ್ಲಿ ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನ್ ೪೫ಕ್ಕೆ ಮೀರಿದ್ದರೆ, ಅಂತಹವರಲ್ಲಿ ನೂರಕ್ಕೆ ೮೫ ಮಂದಿಗೆ ಆ ಸಲವೇ ಶಸ್ತ್ರಚಿಕಿತ್ಸೆ ಬೇಕಾಯಿತೆಂದು ಆಕ್ಸ್‌ಫರ್ಡಿನ ವೈದ್ಯರು ೧೯೯೬ರಲ್ಲಿ ತೋರಿಸಿದರು. ಈಗ ಆ ಹಂತದಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಸೈಕ್ಲೊಸ್ಪೊರಿನ್ ಕೊಟ್ಟು ಹಲವರ ಕರುಳನ್ನು ಉಳಿಸುತ್ತಾರೆ. ಅದೂ ಸೋತರೆ ತಡಮಾಡುವುದು ಪ್ರಾಣಾಪಾಯ.

ಇಲ್ಲಿ ಮರೆಯಬಾರದ ಲೆಕ್ಕವೊಂದಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೫ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತುರ್ತಿನಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ನೂರಕ್ಕೆ ಸುಮಾರು ಐವರು ತೀರಿಕೊಂಡರು. ಮೊದಲೇ ನಿಶ್ಚಯಿಸಿ, ದೇಹವನ್ನು ಸಿದ್ಧಗೊಳಿಸಿಕೊಂಡು ಬಂದವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಶಸ್ತ್ರ ಒಂದೇ, ಹೊತ್ತು ಬೇರೆ.

ನಡುವಯಸ್ಸಿನ ತಕ್ಕಡಿ

ಈಗ ನಿಜವಾಗಿ ಆಯ್ಕೆಯುಳ್ಳ ರೋಗಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ೪೮. ಕಾಲೇಜಿನ ಅಧ್ಯಾಪಕರು. ರೋಗ ಬಂದು ಹದಿನಾಲ್ಕು ವರ್ಷವಾಗಿದೆ. ಇಡೀ ದೊಡ್ಡ ಕರುಳನ್ನು ವ್ಯಾಪಿಸಿದೆ. ಮೆಸಲಜೀನ್ ಸಾಲದಾಯಿತು, ಒಂದು ಜೈವಿಕ ಔಷಧ ಎರಡು ವರ್ಷ ನಡೆದು ಸೋತಿತು. ವರ್ಷಕ್ಕೆ ಎರಡು ಬಾರಿ ಸ್ಟೀರಾಯ್ಡ್ ಬೇಕಾಗುತ್ತಿದೆ. ಒಂದು ಗಂಟೆಯ ಪಾಠವನ್ನು ನಡುವೆ ಎದ್ದುಹೋಗದೆ ಮುಗಿಸುವ ಧೈರ್ಯವಿಲ್ಲ. ಮನೆಯಲ್ಲಿ ಓದುವ ಮಕ್ಕಳಿದ್ದಾರೆ, ವೃದ್ಧ ತಂದೆತಾಯಿಗಳಿದ್ದಾರೆ. ಪ್ರಾಣಕ್ಕೆ ಇಂದೇ ಅಪಾಯವಿಲ್ಲ. ಇನ್ನೊಂದು ಮದ್ದನ್ನು ಹಿಡಿಯಬೇಕೇ, ಕರುಳನ್ನು ತೆಗೆಸಬೇಕೇ?

ಔಷಧದ ತಟ್ಟೆಯಲ್ಲಿ ಮೊದಲು ಇಡಬೇಕಾದುದು, ಅದನ್ನು ಬದಲಾಯಿಸಬಹುದೆಂಬ ಸಂಗತಿ. ಮದ್ದು ಒಗ್ಗದಿದ್ದರೆ ನಿಲ್ಲಿಸಬಹುದು. ತೆಗೆದ ಕರುಳನ್ನು ಮರಳಿ ಕೂಡಿಸಲಾಗದು. ಹೊಸ ಮದ್ದುಗಳು ಬರುತ್ತಲೇ ಇವೆ. ರೋಗ ಬಂದ ಹತ್ತು ವರ್ಷಗಳೊಳಗೆ ಕರುಳನ್ನು ತೆಗೆಸಬೇಕಾಗುವವರು ಈಗ ನೂರಕ್ಕೆ ಹತ್ತರಿಂದ ಹದಿನೈದು ಮಂದಿ ಮಾತ್ರ. ಉಳಿದವರು ಮದ್ದಿನಿಂದಲೇ ಸಾಗುತ್ತಾರೆ. ಶಸ್ತ್ರಕ್ರಿಯೆಗೆಂದು ತಿಂಗಳುಗಟ್ಟಲೆ ದುಡಿಮೆಯಿಂದ ದೂರವಿರುವುದು ಸಂಸಾರಸ್ಥನಿಗೆ ಸುಲಭವಲ್ಲ.

ಶಸ್ತ್ರದ ತಟ್ಟೆಯಲ್ಲಿಯೂ ಭಾರವಾದ ಕಲ್ಲುಗಳೇ ಇವೆ. ಮೊದಲನೆಯದು ಕ್ಯಾನ್ಸರಿನ ಭಯ. ಕರುಳಿನ ಉರಿಯೂತ ಹೆಚ್ಚು ವರ್ಷ ಉಳಿದಷ್ಟೂ ಅದು ಹೆಚ್ಚುತ್ತದೆ. ೨೦೦೧ರಲ್ಲಿ ಪ್ರಕಟವಾದ ಒಟ್ಟು ಲೆಕ್ಕ ಹತ್ತು ವರ್ಷಕ್ಕೆ ನೂರಕ್ಕೆ ೨, ಇಪ್ಪತ್ತಕ್ಕೆ ೮, ಮೂವತ್ತಕ್ಕೆ ೧೮ ಎಂದು ಎಣಿಸಿತ್ತು. ಅನಂತರದ ಅಧ್ಯಯನಗಳು ಇದಕ್ಕಿಂತ ಕಡಿಮೆಯೆಂದು ಹೇಳಿವೆ. ಹಾಗಿದ್ದರೂ ರೋಗ ಬಂದು ಎಂಟು ವರ್ಷವಾದ ಮೇಲೆ ನಿಯತವಾಗಿ ಕೊಲೊನಾಸ್ಕೊಪಿ ಮಾಡಿಸಿಕೊಳ್ಳುವುದು ಅವಶ್ಯ; ಪಿತ್ತನಾಳದ ಬಾಧೆಯೂ ಇದ್ದರೆ ಮೊದಲಿನಿಂದಲೇ. ಎರಡನೆಯದು ದೇಹದ ಶಕ್ತಿ. ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯು ವಯಸ್ಸಾದಂತೆ ಸಡಿಲವಾಗುತ್ತದೆ. ನಲವತ್ತೆಂಟರಲ್ಲಿ ಸಂಚಿಗೆ ಹೊಂದಿಕೊಳ್ಳುವ ದೇಹ ಎಪ್ಪತ್ತರಲ್ಲಿ ಅಷ್ಟು ಸುಲಭವಾಗಿ ಹೊಂದಿಕೊಳ್ಳದು. ಮೂರನೆಯದು, ಮೇಲೆ ಹೇಳಿದ ತುರ್ತಿನ ಲೆಕ್ಕ.

ಇನ್ನೊಂದು ಅಧ್ಯಯನವನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಮೀನಾಕ್ಷಿ ಬೇವ್‌ತ್ರಾ ಮತ್ತು ಸಂಗಡಿಗರು, ರೋಗ ಉಲ್ಬಣಿಸಿದ್ದವರಲ್ಲಿ ಮೊದಲೇ ನಿಶ್ಚಯಿಸಿ ಶಸ್ತ್ರಚಿಕಿತ್ಸೆಗೆ ಒಳಗಾದ ೮೩೦ ಮಂದಿಯನ್ನು ಔಷಧದಿಂದಲೇ ಸಾಗಿದ ೭,೫೪೧ ಮಂದಿಯೊಡನೆ ಹೋಲಿಸಿ ೨೦೧೫ರಲ್ಲಿ ಫಲವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಸಾವು ಕಡಿಮೆಯಿತ್ತು. ಈ ಲಾಭ ಸ್ಪಷ್ಟವಾಗಿ ಕಂಡದ್ದು ೫೦ ದಾಟಿದವರಲ್ಲಿ. ಆದರೆ ಇದು ಟ್ರೂಲವ್ ಅವರ ಪ್ರಯೋಗದಂತೆ ಯಾದೃಚ್ಛಿಕವಾಗಿ ಹಂಚಿ ನಡೆಸಿದ್ದಲ್ಲ. ಗಟ್ಟಿಮುಟ್ಟಾದವರೇ ಶಸ್ತ್ರಚಿಕಿತ್ಸೆಗೆ ಹೆಚ್ಚಾಗಿ ಹೋಗಿದ್ದರೆ ಫಲ ಹಾಗೆ ತೋರಲೂಬಹುದು. ಆದುದರಿಂದ ಇದನ್ನು ತೀರ್ಪೆಂದು ತಿಳಿಯದೆ ಸಾಕ್ಷ್ಯವೆಂದು ತಿಳಿಯುವುದು ಯುಕ್ತ. ಇಷ್ಟನ್ನು ಮಾತ್ರ ಅದು ಖಂಡಿತವಾಗಿ ಕಲಿಸುತ್ತದೆ: ಔಷಧವೆಂದರೆ ಸುರಕ್ಷಿತ, ಶಸ್ತ್ರವೆಂದರೆ ಅಪಾಯ ಎಂಬ ಸಾಮಾನ್ಯ ನಂಬಿಕೆಗೆ ಆಧಾರ ಸಾಲದು.

ಹಾಗಾದರೆ ನಮ್ಮ ಅಧ್ಯಾಪಕರು ಏನು ಮಾಡಬೇಕು? ಅವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವಿವೆ. ಕಳೆದ ಒಂದು ವರ್ಷದಲ್ಲಿ ಸ್ಟೀರಾಯ್ಡ್ ಇಲ್ಲದೆ ನೆಮ್ಮದಿಯಾಗಿದ್ದ ದಿನಗಳೆಷ್ಟು? ತಮಗೆ ಹೊಂದುವ, ಇನ್ನೂ ಪರೀಕ್ಷಿಸದ ಮದ್ದು ಉಳಿದಿದೆಯೇ? ಆ ಮದ್ದಿಗೆ ಎಷ್ಟು ವಾರಗಳ ಗಡುವು ಕೊಡತಕ್ಕದ್ದು? ಇತ್ತೀಚಿನ ಕೊಲೊನಾಸ್ಕೊಪಿಯಲ್ಲಿ ಜೀವಕೋಶಗಳ ಮಾರ್ಪಾಡು ಕಂಡಿದೆಯೇ? ಈ ಸಂಚಿಯನ್ನು ಪದೇ ಪದೇ ನಿರ್ಮಿಸಿ ಪಳಗಿದ ಶಸ್ತ್ರವೈದ್ಯರು ಕೈಗೆಟಕುವ ದೂರದಲ್ಲಿದ್ದಾರೆಯೇ? ಸಂಚಿ ಸೋತು ಹೊಟ್ಟೆಯ ಮೇಲಿನ ಚೀಲವೇ ಕಾಯಂ ಆದರೆ ಅದನ್ನು ಒಪ್ಪಿಕೊಂಡು ಬಾಳಬಲ್ಲೆನೇ? ಪ್ರತಿ ತಿಂಗಳ ಮದ್ದಿನ ಖರ್ಚು ಎಷ್ಟು, ಶಸ್ತ್ರಚಿಕಿತ್ಸೆಯ ಖರ್ಚು ಎಷ್ಟು? ಮೊದಲ ಕೆಲವು ಪ್ರಶ್ನೆಗಳಿಗೆ ವೈದ್ಯರು ಉತ್ತರ ಕೊಡಬಲ್ಲರು. ಬಾಳಿನ ಪ್ರಶ್ನೆಗೆ ರೋಗಿಯೇ ಉತ್ತರ ಕೊಡಬೇಕು.

ಅವರು ಇನ್ನೊಂದು ಮದ್ದನ್ನು ಪರೀಕ್ಷಿಸಲು ನಿಶ್ಚಯಿಸಿದರೂ, ಅದೇ ಹೊತ್ತಿಗೆ ಶಸ್ತ್ರವೈದ್ಯರನ್ನು ಒಮ್ಮೆ ಕಂಡು ಮಾತನಾಡುವುದು ವಿವೇಕ. ಹಾಗೆ ಕಾಣುವುದೆಂದರೆ ಶಸ್ತ್ರಕ್ಕೆ ಒಪ್ಪಿದಂತಲ್ಲ. ಮುಂದೆ ಒಪ್ಪಬೇಕಾಗಿ ಬಂದರೆ ಗಾಬರಿಯಲ್ಲಿ ಒಪ್ಪುವ ಗತಿ ಬಾರದಿರಲೆಂದು.

ಇಬ್ಬರು ಪ್ರಸಿದ್ಧರು

ಎರಡು ದಾರಿಗಳಲ್ಲಿಯೂ ನಡೆದವರ ಉದಾಹರಣೆ ಲೋಕದ ಮುಂದಿದೆ. ಜಪಾನಿನ ಶಿಂಜೊ ಅಬೆ ಅವರಿಗೆ ಹದಿವಯಸ್ಸಿನಿಂದಲೇ ಈ ರೋಗವಿತ್ತು. ೨೦೦೬ರಲ್ಲಿ ೫೨ನೆಯ ವಯಸ್ಸಿನಲ್ಲಿ ಪ್ರಧಾನಿಯಾದ ಅವರು, ಒಂದೇ ವರ್ಷದಲ್ಲಿ ಆರೋಗ್ಯ ಕೆಟ್ಟು ಪದವಿಯನ್ನು ಬಿಟ್ಟರು. ಆಮೇಲೆ ಜಪಾನಿನಲ್ಲಿ ದೊರೆತ ಮೆಸಲಜೀನಿನ ಹೊಸ ರೂಪ ಅವರಿಗೆ ಒಗ್ಗಿತು. ೨೦೧೨ರ ಡಿಸೆಂಬರಿನಲ್ಲಿ ಮರಳಿ ಪ್ರಧಾನಿಯಾಗಿ, ಆ ದೇಶದಲ್ಲಿ ಅತಿ ದೀರ್ಘಕಾಲ ಆ ಪದವಿಯಲ್ಲಿದ್ದವರೆನಿಸಿದರು. ೨೦೨೦ರಲ್ಲಿ ರೋಗ ಮತ್ತೆ ತಲೆಯೆತ್ತಿದಾಗ ರಾಜೀನಾಮೆಯನ್ನು ಕೊಟ್ಟರು. ೨೦೨೨ರಲ್ಲಿ ಅವರು ಹತರಾದುದು ಗುಂಡೇಟಿನಿಂದ. ಔಷಧದ ದಾರಿಯ ಬಲವೂ ಮಿತಿಯೂ ಈ ಒಂದು ಜೀವನದಲ್ಲಿಯೇ ಕಾಣುತ್ತವೆ.

ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರ ಡ್ಯಾರೆನ್ ಫ್ಲೆಚರ್ ಇನ್ನೂ ತರುಣ. ರೋಗದಿಂದ ಆಟವನ್ನು ನಿಲ್ಲಿಸಬೇಕಾಗಿ ಬಂದು, ೨೦೧೩ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಮರಳಿ ಮೈದಾನಕ್ಕಿಳಿದು, ಮುಂದೆ ಹಲವು ವರ್ಷ ಉನ್ನತ ಮಟ್ಟದಲ್ಲಿ ಆಡಿದನು. ಕರುಳನ್ನು ಕಳೆದುಕೊಂಡರೆ ಬಾಳೇ ಮುಗಿಯಿತೆಂದು ಹೆದರುವವರು ಇದನ್ನು ನೆನೆಯಬಹುದು.

ಮುಗಿಸುವ ಮುನ್ನ

ಈ ರೋಗದ ವಿಚಾರದಿಂದ ವಿದ್ಯಾರ್ಥಿಗಳು ಕಲಿಯಬಹುದಾದ ಮುಖ್ಯ ಪಾಠವೊಂದಿದೆ. ಮರಳಿ ಪಡೆಯಲಾಗದ ಹೆಜ್ಜೆಯನ್ನು ಇಡುವ ಮುನ್ನ ಮನುಷ್ಯನು ಹಿಂದೆಗೆಯುವುದು ಸ್ವಾಭಾವಿಕ. ಅದು ವಿವೇಕವೂ ಹೌದು. ಆದರೆ ಹಿಂದೆಗೆದು ಕಾಯುವುದನ್ನು ಏನೂ ಮಾಡದಿರುವುದೆಂದು ಎಣಿಸುವುದು ತಪ್ಪು. ಕಾಯುವ ಪ್ರತಿ ವರ್ಷವೂ ತನ್ನ ಬೆಲೆಯನ್ನು ಎಲುಬಿನಿಂದಲೋ ರಕ್ತದಿಂದಲೋ ದುಡಿಮೆಯಿಂದಲೋ ವಸೂಲು ಮಾಡಿಕೊಳ್ಳುತ್ತದೆ. ಮದ್ದು ಚೆನ್ನಾಗಿ ಒಗ್ಗಿದವನಿಗೆ ಆ ಬೆಲೆ ಅಲ್ಪ. ಅವನು ಕಾಯುವುದೇ ಸರಿ. ಒಗ್ಗದವನಿಗೆ ಅದು ಹಿರಿದು; ಅವನು ನಿಯತವಾದ ಗಡುವಿಲ್ಲದೆ ಕಾಯುವುದು ಸರಿಯಲ್ಲ. ಯಾವ ತಟ್ಟೆ ಭಾರವೆಂಬುದನ್ನು ವಿಜ್ಞಾನ ಎಲ್ಲರಿಗೂ ಒಂದೇ ಸಲ ಹೇಳಲಾರದು. ತಕ್ಕಡಿಯನ್ನೂ ಕಲ್ಲುಗಳನ್ನೂ ಅದು ಕೈಗೆ ಕೊಡುತ್ತದೆ. ದೇಹ ಇನ್ನೂ ಗಟ್ಟಿಯಾಗಿರುವಾಗ, ಮನಸ್ಸು ಶಾಂತವಾಗಿರುವಾಗ, ಬಲ್ಲವರೊಡನೆ ಕುಳಿತು ತೂಗಿ ನೋಡುವುದು ರೋಗಿಗೆ ಸೇರಿದ ಕೆಲಸ.